ತಪಾಸಣೆಯ ಹಿಂದಿನ ದಿನ

16 ಜೂನ್, ಸೋಮವಾರ. ಸಂಜೆ, ಬಸ್ಸಿನಲ್ಲಿ

ಹದಿನಾಲ್ಕು ಫಾರ್ಮ್ ತುಂಬಿ ಮುಗಿಸಿದೆ. ಮಗು ಅಕ್ಷರ ಗುರುತಿಸುತ್ತದೆ, ಪದ ಓದುತ್ತದೆ, ವಾಕ್ಯ ಓದುತ್ತದೆ — ಒಂದೊಂದಕ್ಕೂ ಒಂದು ಖಾನೆ. ಟಿಕ್ ಹಾಕಿದ್ದು ಕಡಿಮೆ, ಅಡ್ಡಗೆರೆ ಎಳೆದದ್ದೇ ಹೆಚ್ಚು.

ಹೆಡ್‌ಮಾಸ್ಟರ್ ಬಸಲಿಂಗಯ್ಯ ಸರ್ ಈ ವರ್ಷ ಮಕ್ಕಳನ್ನು ಎರಡು ಪಾಲು ಮಾಡಿದ್ದಾರೆ. ಬೆಳಿಗ್ಗೆ ಒಂಬತ್ತಕ್ಕೆ ‘ಅರಳು’ ಗುಂಪು. ಜಾಣರದು. ವಸತಿ ಶಾಲೆಯ ಪ್ರವೇಶ ಪರೀಕ್ಷೆಗೆ ತಯಾರಿ, ಕ್ವಿಜ್, ಭಾಷಣ, ಥರ್ಮಾಕೋಲಿನ ಜ್ವಾಲಾಮುಖಿ. ಅದನ್ನು ಅವರೇ ಇಟ್ಟುಕೊಂಡರು. ಸಂಜೆ ನಾಲ್ಕೂವರೆಗೆ ‘ಚಿಗುರು’ ಗುಂಪು. ಮೂರನೇ, ನಾಲ್ಕನೇ ತರಗತಿಯಲ್ಲಿ ಓದು ಬಾರದವರು. ಅದು ನನ್ನ ಪಾಲಿಗೆ. ಹೆಸರೇನೋ ಚೆನ್ನಾಗಿದೆ. ಮಕ್ಕಳು ಮೊದಲ ದಿನವೇ ‘ದಡ್ಡರ ಕ್ಲಾಸ್’ ಅಂತ ಕರೆದು ಮುಗಿಸಿದರು.

“ಮಮತಾ ಮೇಡಂ, ನಿಮ್ಮ ಕೈಯಾಗ ಕಲ್ಲ ಕೊಟ್ರೂ ಓದ್ತಾವ್ರಿ. ಅದಕ್ಕ ನಿಮಗ ಕೊಟ್ಟೀನಿ” ಅಂದರು ಸರ್. ಬೆಣ್ಣೆ ಹಚ್ಚುವುದು ಇವರಿಗೆ ಚೆನ್ನಾಗಿ ಬರುತ್ತದೆ. ನಾನೂ ಹಚ್ಚಿಸಿಕೊಂಡೆ.

ಹೋದ ವರ್ಷದ್ದು ಇನ್ನೂ ಮರೆತಿಲ್ಲ. ಇಲಾಖೆಯ ಸಾಹೇಬರೊಬ್ಬರು ಬಂದು ನನ್ನ ಕ್ಲಾಸಿನ ಹುಡುಗಿಗೆ ಪುಸ್ತಕ ಕೊಟ್ಟು ಓದು ಅಂದರು. ಅವಳು ಸೆರಗು ಕಚ್ಚುವ ಮುದುಕಿಯ ಹಾಗೆ ಫ್ರಾಕಿನ ತುದಿ ಕಚ್ಚಿಕೊಂಡು ನಿಂತಳು. “ಏನ ಕಲಿಸೀರಿ ಮೇಡಂ ಇವಕ್ಕ?” ಅಂದರು. ಎಲ್ಲಾ ಸ್ಟಾಫ್ ಮುಂದೆ. ಇಪ್ಪತ್ತೊಂದು ವರ್ಷದ ಸರ್ವೀಸು ನನ್ನದು... ಆವತ್ತು ಬೆಟಗೇರಿಯ ಮನೆಗೆ ಬರುವವರೆಗೂ ಬಸ್ಸಿನಲ್ಲಿ ಮುಖ ಎತ್ತಲಿಲ್ಲ.

ಈ ವರ್ಷ ನನ್ನ ಮಕ್ಕಳು ಯಾರ ಮುಂದೆಯೂ ಬಾಯಿ ಮುಚ್ಚಿಕೊಂಡು ನಿಲ್ಲಬಾರದು. ನಿಲ್ಲಲು ನಾನು ಬಿಡುವುದಿಲ್ಲ.

24 ಜೂನ್, ಮಂಗಳವಾರ

ಹದಿನಾಲ್ಕರಲ್ಲಿ ಒಬ್ಬಳು ಮಾತ್ರ ನನಗೆ ಅರ್ಥವಾಗುತ್ತಿಲ್ಲ. ನೂರೀನ. ನಾಲ್ಕನೇ ತರಗತಿ. ತಂದೆ ಅಬ್ದುಲಗನಿ ಗಾದಿ ಹೊಲಿಯುತ್ತಾನೆ, ಲಕ್ಷ್ಮೇಶ್ವರ ಬಜಾರಿನ ಹಿಂದಿನ ಓಣಿಯಲ್ಲಿ ಮನೆ, ಮನೆಯ ಮುಂದೆಯೇ ಅಂಗಡಿ. ತಾಯಿ ಇಲ್ಲ. ಸಾಕಿದ್ದೆಲ್ಲ ತಂದೆಯ ತಾಯಿ, ಶಮಶಾದಬಿ. ದಿನಾ ಕೈಹಿಡಿದು ಶಾಲೆಗೆ ಕರೆತರುತ್ತಾಳೆ, ಸಂಜೆ ಬಂದು ಗೇಟಿನ ಹತ್ತಿರ ಕುಳಿತಿರುತ್ತಾಳೆ.

ಪದ್ಯ ಎರಡು ಸಲ ಕೇಳಿದರೆ ಸಾಕು, ನೂರೀನ ಒಪ್ಪಿಸಿಬಿಡುತ್ತಾಳೆ. ಬಾಯಿಲೆಕ್ಕ ಎಲ್ಲರಿಗಿಂತ ಜಲ್ದಿ. ಪುಸ್ತಕ ಕೊಟ್ಟರೆ ಮಾತ್ರ ಮೂಗಿಗೆ ಹತ್ತಿಸಿಕೊಳ್ಳುತ್ತಾಳೆ. ಬೆರಳು ಒಂದು ಸಾಲಿನ ಮೇಲೆ, ಬಾಯಿ ಇನ್ನೊಂದು ಸಾಲಿನಲ್ಲಿ. ಪಕ್ಕದವರು ಓದಿದ್ದನ್ನು ಕೇಳಿ ಹೇಳುವ ಕಳ್ಳಾಟ. ಜಾಣೆ, ಆದರೆ ಮೈಗಳ್ಳಿ. ಇವತ್ತು ಚೆನ್ನಾಗಿ ಬೈದೆ.

ಕಣ್ಣು ಯಾವಾಗಲೂ ಕೆಂಪು. ತಿಕ್ಕುತ್ತಲೇ ಇರುತ್ತಾಳೆ. ಮುದುಕಿಯನ್ನು ಕೇಳಿದೆ.

“ಹತ್ತಿ ಧೂಳರಿ ಅಕ್ಕೋರ. ಮನೀತುಂಬ ಅದ ಐತಲ್ರಿ. ಡ್ರಾಪ್ಸ್ ಹಾಕ್ತೀನಿ, ಒಂದ್ ತಾಸಿನಾಗ ಬೆಳ್ಳಗಾಕ್ಕಾವ. ಎರಡ ವರ್ಷ ಆತು ಹಾಕಾಕ ಹತ್ತಿ.”

ಎಷ್ಟು ಅಕ್ಕರೆಯ ಮುದುಕಿ ಅಂದುಕೊಂಡೆ.

14 ಜುಲೈ, ಸೋಮವಾರ. ಸಂಜೆ 6

ನಾಳೆ ಶಾಲೆಯಲ್ಲಿ ಕಣ್ಣಿನ ತಪಾಸಣೆ. ವೈದ್ಯರ ತಂಡ ಬರುತ್ತದಂತೆ. ಗೋಡೆಗೆ ಹಾಕುವ ಅಕ್ಷರದ ಚಾರ್ಟನ್ನು ಅವರ ಕಡೆಯ ಒಬ್ಬರು ಇವತ್ತೇ ಆಫೀಸಿನಲ್ಲಿ ಇಟ್ಟುಹೋಗಿದ್ದಾರೆ. ಎಲ್ಲಾ ಇಂಗ್ಲಿಷ್ ದೊಡ್ಡಕ್ಷರ.

ನನ್ನ ಚಿಗುರುಗಳಿಗೆ ಕನ್ನಡದ ಅಕ್ಷರವೇ ಸರಿಯಾಗಿ ಬಾರದು, ಇನ್ನು ಇಂಗ್ಲಿಷಿನದು! ಡಾಕ್ಟರ ಮುಂದೆ, ಎರಡೂ ಗುಂಪಿನ ಮಕ್ಕಳು ಸಾಲಾಗಿ ನಿಂತಿರುವಾಗ, ಇವು ಬಾಯಿ ಬಿಟ್ಟುಕೊಂಡು ನಿಂತರೆ... ಮತ್ತೆ ಅದೇ ಮಾತು ಕೇಳಬೇಕು.

ಚಾರ್ಟನ್ನು ಕ್ಲಾಸಿಗೆ ತಂದೆ. ಬೋರ್ಡಿನ ಮೇಲೆ ಸಾಲುಸಾಲಾಗಿ ಹಾಗೆಯೇ ಬರೆದೆ. ಮಗ್ಗಿ ಹೇಳಿಸಿದ ಹಾಗೆ ಹೇಳಿಸಿದೆ. ಇ. ಎಫ್ ಪಿ. ಟಿ ಓ ಝೆಡ್... ಮೇಲಿನಿಂದ ಕೆಳಗೆ, ಎಂಟು ಸಾಲು. ಮೂವತ್ತು ಸಲವಾದರೂ ಆಗಿರಬೇಕು. ಕೊನೆಗೆ ಒಬ್ಬೊಬ್ಬರನ್ನೇ ನಿಲ್ಲಿಸಿ ಕೇಳಿದೆ. ಹನ್ನೊಂದು ಜನ ತಡವರಿಸುತ್ತ ಹೇಳಿದರು, ಇಬ್ಬರು ಚೆನ್ನಾಗಿ. ನೂರೀನ ಒಂದೇ ಉಸಿರಿಗೆ. ಕೆಳಗಿನಿಂದ ಮೇಲಕ್ಕೂ ಹೇಳಿದಳು! ಇಷ್ಟು ದಿನದಲ್ಲಿ ಮೊದಲ ಸಲ ಬೆನ್ನು ತಟ್ಟಿದೆ. ಹುಡುಗಿಯ ಮುಖ ಅರಳಿತು.

15 ಜುಲೈ, ಮಂಗಳವಾರ

ಹದಿನಾಲ್ಕಕ್ಕೆ ಹದಿನಾಲ್ಕು!

ನೂರೆಂಬತ್ತು ಮಕ್ಕಳು, ಒಂದು ಮಧ್ಯಾಹ್ನ. ವರಾಂಡದ ತುದಿಯಲ್ಲಿ ಚಾರ್ಟು, ಇಪ್ಪತ್ತು ಅಡಿ ದೂರದಲ್ಲಿ ಸುಣ್ಣದ ಗೆರೆ. ಒಂದು ಕಣ್ಣು ಅಂಗೈಯಿಂದ ಮುಚ್ಚಿ ಓದಬೇಕು, ಆಮೇಲೆ ಇನ್ನೊಂದು. ನನ್ನವರು ಗಡಗಡ ಹೇಳಿ ಹೋದರು. ಮಜಾ ಏನೆಂದರೆ ‘ಅರಳು’ ಗುಂಪಿನ ಇಬ್ಬರು ತಡಬಡಿಸಿದರು. ದೂರದ್ದು ಕಾಣುವುದಿಲ್ಲ ಅಂತ ಅವರಿಗೆ ಚೀಟಿ ಬರೆದುಕೊಟ್ಟರು, ಚಷ್ಮಾ ಬರುತ್ತದಂತೆ.

ಬಸಲಿಂಗಯ್ಯ ಸರ್ ಮುಖ ನೋಡಬೇಕಿತ್ತು. “ನಿಮ್ಮವು ನಮ್ಮವ್ಕಿಂತ ಹುಷಾರ ಆದ್ವಲ್ರಿ ಮೇಡಂ!” ಒಳಗೊಳಗೇ ಕುಣಿದೆ.

ಮನೆಗೆ ಬಂದು ಅವ್ವನಿಗೆ ಹೇಳಿ ಇಬ್ಬರೂ ನಕ್ಕೆವು.

21 ಆಗಸ್ಟ್, ಗುರುವಾರ. ಮಧ್ಯಾಹ್ನ 3

ತಾಲೂಕಿನಿಂದ ಒಬ್ಬರು ಮೇಡಂ ಬಂದಿದ್ದರು, ‘ಚಿಗುರು’ ನೋಡಲು. ಒಬ್ಬರನ್ನು ಓದಿಸಿ ಅಂದರು. ನೂರೀನಳನ್ನು ಎಬ್ಬಿಸಿದೆ. ಮೂರನೇ ಪಾಠ ತೆಗೆ ಅಂದೆ. ಅವಳು ತೆಗೆದದ್ದು ಎರಡನೆಯದೋ ಮೂರನೆಯದೋ, ಯಾರು ನೋಡಿದರು. ಪಾಠವಂತೂ ಒಂದಕ್ಷರ ತಪ್ಪಿಲ್ಲದೆ ಬಂತು. ಮೇಡಂ ಫೋಟೋ ತೆಗೆದುಕೊಂಡರು, ವಾಟ್ಸಾಪ್ ಗ್ರೂಪಿಗೂ ಹಾಕಿದರು. ಕೆಳಗೆ ಹದಿನೆಂಟು ಚಪ್ಪಾಳೆ.

ಬಾಯಿಪಾಠ ಅಂತ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಇವತ್ತು ಬಾಯಿಪಾಠ, ನಾಳೆ ಓದು, ಹಾಗೇ ಅಲ್ಲವೇ ಎಲ್ಲರೂ ಕಲಿಯುವುದು. ಫಾರ್ಮಿನಲ್ಲಿ ‘ವಾಕ್ಯ ಓದುತ್ತಾಳೆ’ ಖಾನೆಗೆ ಟಿಕ್ ಹಾಕಿದೆ.

ನಮ್ಮಲ್ಲಿ ಒಂದು ಪದ್ಧತಿ. ಓದು ಬಂದವರು ಹಿಂದಿನ ಸಾಲಿಗೆ, ಬಾರದವರು ಬೋರ್ಡಿನ ಹತ್ತಿರ. ನೂರೀನಳಿಗೆ ಬಡ್ತಿ. ಹಿಂದಿನ ಸಾಲು, ಗೋಡೆಯ ಬದಿ, ಆಗಲೇ ಓದಲು ಕಲಿತಿದ್ದ ವಿದ್ಯಾಶ್ರೀಯ ಪಕ್ಕ. ಮುದುಕಿಗೆ ಸಂಜೆ ಹೇಳಿದೆ. ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು.

19 ಅಕ್ಟೋಬರ್, ಭಾನುವಾರ

ಸರ್ಕಾರದ ಸಮೀಕ್ಷೆಯ ಕೆಲಸ ಮುಗಿಯಿತು. ಸುಮಾರು ಒಂದು ತಿಂಗಳು ಶಾಲೆಯ ಮುಖ ನೋಡಿಲ್ಲ. ಮನೆಮನೆ ಅಲೆದು, ಮೊಬೈಲಿನಲ್ಲಿ ಪ್ರಶ್ನೆ ತುಂಬಿ, ಓಟಿಪಿ ಬರಲಿಲ್ಲ ಅಂತ ಜನರ ಹತ್ತಿರ ಬೈಸಿಕೊಂಡು... ಕಾಲು ಬಾತಿವೆ.

ಹೋದ ವಾರ ಅಬ್ದುಲಗನಿಯ ಮನೆಯೂ ನನ್ನ ಪಾಲಿಗೆ ಬಂದಿತ್ತು. ನೂರೀನ ಹೊಸ್ತಿಲ ಮೇಲೆ ಕುಳಿತಿದ್ದಳು. ನಾಲ್ಕು ಹೆಜ್ಜೆ ದೂರದಲ್ಲಿ ನಿಂತು ನಕ್ಕೆ. ಅವಳು ನಗಲಿಲ್ಲ. “ಯಾರ್ರಿ?” ಅಂದಳು. “ನಾನಲೇ, ಟೀಚರ್” ಅಂದ ಮೇಲೆ ಧಡಕ್ಕನೆ ಎದ್ದು ನಿಂತಳು. ಬಿಸಿಲಿಗೆ ಕಣ್ಣು ಕತ್ತಲೆ ಬಂದಿರಬೇಕು ಅಂದುಕೊಂಡೆ. ಇನ್ನೂ ಇಪ್ಪತ್ತೆರಡು ಮನೆ ಬಾಕಿ ಇದ್ದವು.

28 ನವೆಂಬರ್, ಶುಕ್ರವಾರ. ರಾತ್ರಿ

ಊಟ ಬಿಟ್ಟು ಬರೆಯಲು ಕುಳಿತಿದ್ದೇನೆ.

ಇವತ್ತು ಅರ್ಧವಾರ್ಷಿಕ ಓದಿನ ಪರೀಕ್ಷೆ. ಮೇಲಿನಿಂದ ಬಂದ ಹೊಸ ಹಾಳೆ, ಯಾರೂ ಮೊದಲು ನೋಡಿಲ್ಲದ ಐದು ವಾಕ್ಯ. ನೂರೀನಳಿಗೆ ಕೊಟ್ಟೆ. ಓದು ಅಂದೆ. ಹಾಳೆಯನ್ನು ಮುಖಕ್ಕೆ ತಂದಳು, ಓರೆ ಮಾಡಿದಳು, ತಿರುಗಿಸಿದಳು. ಆಮೇಲೆ ಮೂರನೇ ಪಾಠ ಹೇಳಲು ಶುರು ಮಾಡಿದಳು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಟಿಕ್ ಹಾಕಿದವಳು ನಾನು. ಫೋಟೋ ಗ್ರೂಪಿನಲ್ಲಿದೆ. ಸ್ಕೇಲ್ ತೆಗೆದುಕೊಂಡು ಅಂಗೈಗೆ ಎರಡು ಕೊಟ್ಟೆ. ಎರಡನೆಯದು ಜೋರಾಗಿಯೇ ಬಿತ್ತು. ಅಳಲಿಲ್ಲ ಅವಳು. ಕೈ ಹಾಗೆಯೇ ಚಾಚಿ ನಿಂತಿದ್ದಳು, ಇನ್ನೂ ಬೀಳುತ್ತದೇನೋ ಅಂತ.

ಹಿಂದಿನಿಂದ ವಿದ್ಯಾಶ್ರೀ ಎದ್ದಳು. “ಹೊಡೀಬ್ಯಾಡ್ರಿ ಟೀಚರ್. ಆಕಿಗೆ ಕಾಣಂಗಿಲ್ರಿ.”

“ಏನ ಕಾಣಂಗಿಲ್ಲ?”

“ಬೋರ್ಡ್ ಕಾಣಂಗಿಲ್ರಿ. ಪುಸ್ತಕಾನೂ ಕಾಣಂಗಿಲ್ರಿ. ನಾನ ಕಿವ್ಯಾಗ ಓದಿ ಹೇಳ್ತೀನ್ರಿ, ಆಕಿ ನೆಪ್ಪಿಟ್ಟಕೊಂತಾಳ್ರಿ.”

“ಯಾವಾಗಿಂದ?”

“ಭಾಳ ದಿನಾ ಆತ್ರಿ.”

ನೂರೀನಳ ಮುಂದೆ ಎರಡು ಬೆರಳು ಹಿಡಿದೆ. ಎಷ್ಟು ಅಂದೆ. ನನ್ನ ಮುಖದ ಕಡೆ ನೋಡುತ್ತ — ಮುಖದ ಕಡೆಯೂ ಅಲ್ಲ, ಕಿವಿಯ ಪಕ್ಕಕ್ಕೆ — “ಐದ್ರಿ?” ಅಂದಳು. ಎಡಗಣ್ಣು ಮುಚ್ಚಿದೆ. ಕೈ ಆಡಿಸಿದೆ. “ಈಗೇನರ ಕಾಣತೈತೇನು?” “ಇಲ್ರಿ. ಈ ಕಣ್ಣಿಗೆ ಮೊದಲಿಂದನೂ ಕಾಣಂಗಿಲ್ರಿ.”

“ಮತ್ತ ಜುಲೈದಾಗ ಡಾಕ್ಟರ್ ಬಂದಾಗ ಎಲ್ಲಾ ಓದಿದ್ಯಲ್ಲ?”

“ಅದು ನೀವ ಕಲಿಸಿದ್ರಲ್ರಿ ಟೀಚರ್.”

ಕ್ಲಾಸು ಬಿಟ್ಟುಬಿಟ್ಟೆ. ಗೇಟಿನ ಹತ್ತಿರ ಮುದುಕಿ ಕುಳಿತಿದ್ದಳು. ಹಿಂದಿನ ಬಾಗಿಲಿನಿಂದ ಹೋದೆ.

29 ನವೆಂಬರ್, ಶನಿವಾರ

ಬೆಳಗಿನ ಶಾಲೆ ಮುಗಿಸಿ ಅವರ ಮನೆಗೆ ಹೋದೆ. ಅಬ್ದುಲಗನಿ ದಬ್ಬಣ ಹಿಡಿದು ಗಾದಿಗೆ ಹೊಲಿಗೆ ಹಾಕುತ್ತಿದ್ದ. ಎದ್ದು ಚಾಪೆ ಹಾಸಿದ. ಹುಡುಗಿಗೆ ಕಣ್ಣು ಸರಿಯಾಗಿ ಕಾಣುತ್ತಿಲ್ಲ, ಹುಬ್ಬಳ್ಳಿಗೆ ಒಯ್ದು ತೋರಿಸಬೇಕು ಅಂದೆ.

“ಶಾಲ್ಯಾಗ ನೋಡಿದ್ರಲ್ರಿ. ಎಲ್ಲಾ ಬರೋಬ್ಬರಿ ಐತಿ ಅಂದಿದ್ರು?”

“ಆಮ್ಯಾಲ ಏನರ ಆಗಿರಬೇಕು” ಅಂದೆ.

“ನೀವು ನೋಡಿದ್ದು ಛಲೋ ಆತ್ರಿ ಟೀಚರ್. ಇಲ್ಲಂದ್ರ ನಮಗೇನು ತಿಳೀತಿತ್ತು.”

ನಾನೂ ಜೊತೆಗೆ ಬರುತ್ತೇನೆ ಅಂದೆ. ಯಾಕೆ ಅಂದೆನೋ. ಒಳ್ಳೆಯತನಕ್ಕಲ್ಲ.

2 ಡಿಸೆಂಬರ್, ಮಂಗಳವಾರ. ಹುಬ್ಬಳ್ಳಿ ಬಸ್‌ಸ್ಟ್ಯಾಂಡ್

ಬೆಳಿಗ್ಗೆ ಎಂಟಕ್ಕೆ ಆಸ್ಪತ್ರೆ ತಲುಪಿದ್ದು, ಬಿಟ್ಟದ್ದು ನಾಲ್ಕಕ್ಕೆ. ಯಂತ್ರದ ಮುಂದೆ ಕೂರಿಸಿದರು, ಔಷಧಿ ಹಾಕಿ ಕೂರಿಸಿದರು, ಮತ್ತೆ ಯಂತ್ರ.

ಡಾಕ್ಟರು ಹೆಂಗಸು, ವಯಸ್ಸಾದವರು. ಏನು ಔಷಧಿ ಹಾಕುತ್ತಿದ್ದಿರಿ ಅಂದರು. ಮುದುಕಿ ಎಲೆಯಡಿಕೆ ಚೀಲದೊಳಗಿಂದ ಡ್ರಾಪ್ಸ್ ಬಾಟಲಿ ತೆಗೆದಳು. ಅದನ್ನು ನೋಡಿ ಡಾಕ್ಟರು ಕಣ್ಣು ಮುಚ್ಚಿಕೊಂಡರು.

“ಇದನ್ನ ಯಾರ ಹೇಳಿದ್ರು ಹಾಕಾಕ?”

“ಅಂಗಡ್ಯಾಗ ಕೊಟ್ರಿ ಅವ್ವಾರ. ಕೆಂಪ ಹೋಗತೈತಿ ಅಂತ...”

“ಎಷ್ಟ ದಿನಾ ಹಾಕೀರಿ?”

“ಎರಡ ವರ್ಷರಿ. ದಿನಾ. ಒಂದ್ ದಿನಾನೂ ತಪ್ಪಿಸಿಲ್ರಿ.”

ಈ ಮುದುಕಿ ಅದನ್ನು ಅಭಿಮಾನದಿಂದ ಹೇಳಿದಳು.

ಈ ಔಷಧಿ ನಾಲ್ಕು ದಿನ ಹಾಕುವಂಥದ್ದು, ವರ್ಷಗಟ್ಟಲೆ ಹಾಕಿದರೆ ಕಣ್ಣಿನೊಳಗೆ ಒತ್ತಡ ಏರಿ ನರ ಒಣಗುತ್ತದೆ ಅಂದರು. ನೋವಾಗುವುದಿಲ್ಲವಂತೆ. ಬಲಗಣ್ಣು ಪೂರ್ತಿ ಹೋಗಿದೆ. ಎಡಗಣ್ಣಿನಲ್ಲಿ ಕೊಳವೆಯೊಳಗಿಂದ ನೋಡಿದಷ್ಟು ಉಳಿದಿದೆ, ಅದೂ ಮಸುಕು. ಅಷ್ಟನ್ನಾದರೂ ಉಳಿಸಲು ಆಪರೇಷನ್. ಹೋದದ್ದು ಬರುವುದಿಲ್ಲ.

“ಐದಾರು ತಿಂಗಳ ಹಿಂದ ಬಂದಿದ್ರ ಇಷ್ಟ ಆಗಾಕ ಬಿಡ್ತಿರಲಿಲ್ಲ. ಓದೂವಷ್ಟ ಕಣ್ಣು ಉಳೀತಿತ್ತು. ಶಾಲ್ಯಾಗ ತಪಾಸಣೆ ಆಗಿರಲಿಲ್ಲೇನು?”

“ಆಗಿತ್ರಿ, ಜುಲೈದಾಗ. ಪಾಸ್ ಆಗ್ಯಾಳ್ರಿ” ಅಂದ ಅಬ್ದುಲಗನಿ.

ಡಾಕ್ಟರು ನನ್ನ ಕಡೆ ತಿರುಗಿದರು. “ನೀವು ಟೀಚರಾ? ಖರೇನ ಓದಿದ್ಲಾ?”

“ಹೌದ್ರಿ” ಅಂದೆ.

ಆಮೇಲೆ ಡಾಕ್ಟರು ಮುದುಕಿಗೆ ಬೈಯಲು ಶುರು ಮಾಡಿದರು. ಕಾರಿಡಾರಿನವರೆಲ್ಲ ತಿರುಗಿ ನೋಡುವ ಹಾಗೆ. ಅಬ್ದುಲಗನಿ ಬಾಟಲಿ ತೆಗೆದುಕೊಂಡು ತಾಯಿಯ ಮುಖಕ್ಕೆ ಹಿಡಿದ. ಹಿಡಿದುಕೊಂಡೇ ನಿಂತ. ನೂರೀನ “ದಾದಿ ಎಲ್ಲಿ?” ಅಂತ ಅಜ್ಜಿಗಾಗಿ ಕೈಯಾಡಿಸುತ್ತಿದ್ದಳು.

ನಾನು ಗೋಡೆ ನೋಡುತ್ತ ನಿಂತಿದ್ದೆ.

4 ಡಿಸೆಂಬರ್

ಜ್ವರ ಅಂತ ರಜೆ ಹಾಕಿದ್ದೇನೆ. ಜ್ವರ ಇಲ್ಲ. ಅವ್ವ ಗಂಜಿ ಮಾಡಿಕೊಟ್ಟಳು, ಕುಡಿದೆ.

17 ಡಿಸೆಂಬರ್, ಬುಧವಾರ. ಸಂಜೆ

ಆಪರೇಷನ್ ಆಗಿ ಒಂದು ವಾರ. ನೂರೀನ ಮನೆಯಲ್ಲಿದ್ದಾಳೆ. ಕಣ್ಣು ಕಾಣದ ಮಕ್ಕಳಿಗೆ ಮನೆಗೆ ಬಂದು ಕಲಿಸುವವರು ಇದ್ದಾರಂತೆ, ಅರ್ಜಿ ಹೋಗಿದೆ. ಯಾವಾಗ ಬರುತ್ತಾರೋ ಸರ್‌ಗೂ ಗೊತ್ತಿಲ್ಲ. ಅಲ್ಲಿಯವರೆಗೆ ದಿನಾ ಐದು ಗಂಟೆಗೆ ನಾನೇ ಹೋಗುತ್ತಿದ್ದೇನೆ. ‘ಚಿಗುರು’ ಕ್ಲಾಸನ್ನು ಅರ್ಧ ತಾಸಿಗೆ ಮುಗಿಸಿ.

ನೇಕಾರರ ಮನೆಯಲ್ಲಿ ಹುಟ್ಟಿದ್ದಕ್ಕೆ ಇಷ್ಟು ಪ್ರಯೋಜನ. ಅಟ್ಟದ ಮೇಲೆ ಅಪ್ಪನ ಕಾಲದ ದಪ್ಪ ನೂಲಿನ ಉಂಡೆಗಳಿದ್ದವು. ರಟ್ಟಿನ ಮೇಲೆ ಅಂಟು ಹಚ್ಚಿ, ನೂಲಿನಿಂದ ಅಕ್ಷರ ಮೂಡಿಸಿದೆ. ಅ ಆ ಇ ಈ. ನೂರೀನ ಬೆರಳಾಡಿಸಿ ಓದುತ್ತಾಳೆ. ‘ಅ’ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಅಂತ ಇವತ್ತೇ ಗೊತ್ತಾಯಿತಂತೆ! ನಾಲ್ಕನೇ ತರಗತಿಯಲ್ಲಿ. ಎರಡು ವಾರದಲ್ಲಿ ಕಾಗುಣಿತ ಮುಗಿಸುವ ಹುಡುಗಿ ಇವಳು. ಇವಳನ್ನು ಮೈಗಳ್ಳಿ ಅಂದಿದ್ದೆ. ಸ್ಕೇಲಿನಿಂದ ಹೊಡೆದಿದ್ದೆ.

ಶಮಶಾದಬಿ ಮೊದಲಿನ ಹಾಗೆ ಎದುರಿಗೆ ಬಂದು ಕೂರುವುದಿಲ್ಲ. ಒಲೆಯ ಹತ್ತಿರ ಗೋಡೆಗೆ ಮುಖ ಮಾಡಿ ಕುಳಿತಿರುತ್ತಾಳೆ. ಮಗ ಮಾತು ಬಿಟ್ಟಿದ್ದಾನೆ. ಅವಳು ಮಾಡಿದ ಅಡುಗೆ ಉಣ್ಣುತ್ತಿಲ್ಲ, ಹೊರಗಿನಿಂದ ತರುತ್ತಾನೆ. ಹೊರಡುವಾಗ ನನ್ನ ಸೆರಗು ಹಿಡಿದಳು.

“ನನ್ನ ಕೈಲೇ ಹಾಕೀನ್ರಿ ಅಕ್ಕೋರ. ತಲಿ ತೊಡಿ ಮ್ಯಾಲ ಇಟ್ಕೊಂಡು ಹಾಕೀನ್ರಿ. ಈ ಕೈಗೆ ಹುಳಾ ಬೀಳಲಿ.”

ಹಾಗನ್ನಬೇಡ್ರಿ ಅಂದೆ. ಅಷ್ಟೇ ಅಂದೆ! ಮುದುಕಿಗೆ ಗೊತ್ತಿರಲಿಲ್ಲ. ನನಗೆ ಬಿಎಡ್ ಆಗಿದೆ.

5 ಜನವರಿ, ಸೋಮವಾರ

ಬಸಲಿಂಗಯ್ಯ ಸರ್‌ಗೆ ಹೇಳಿದೆ. ಎಲ್ಲಾ. ಚಾರ್ಟು ಕ್ಲಾಸಿಗೆ ಒಯ್ದದ್ದು, ಮೂವತ್ತು ಸಲ ಹೇಳಿಸಿದ್ದು. ಅವರು ಕೈಯಲ್ಲಿದ್ದ ಸ್ಟಾಂಪು ಕೆಳಗಿಟ್ಟರು. ಎದ್ದು ಹೋಗಿ ಬಾಗಿಲು ಮುಚ್ಚಿ ಬಂದರು.

“ಯಾರಿಗರ ಹೇಳೀರೇನ್ರಿ?”

“ಇಲ್ಲ ಸರ್.”

“ಹೇಳಬ್ಯಾಡ್ರಿ. ಹಾಕಿದ್ದು ಆ ಮುದುಕಿ. ಕೊಟ್ಟಾಂವ ಅಂಗಡಿಯಾಂವ. ನೀವು ಅಕ್ಷರಾ ಕಲಿಸೀರಿ, ಟೀಚರ್ ಮತ್ತೇನ ಮಾಡಬೇಕು? ನಿಮ್ಮ ಸಲುವಾಗಿ ಅಲ್ರಿ, ಶಾಲಿ ಸಲುವಾಗಿ ಹೇಳಾಕತ್ತೀನಿ. ಗೊತ್ತಾದ್ರ ನಾಳೆ ಒಬ್ರರ ತಮ್ಮ ಮಕ್ಕಳನ್ನ ಇಲ್ಲಿ ಕಳಸ್ತಾರೇನು?”

ಕೆಟ್ಟ ಮನುಷ್ಯ ಅಲ್ಲ. ನನ್ನನ್ನು ಉಳಿಸಬೇಕೆಂದೇ ಹೇಳಿದರು. ನಾಚಿಕೆಯ ಮಾತು ಬರೆಯುತ್ತೇನೆ — ಅವರು ಬೇಡ ಅಂದಾಗ ನನಗೆ ಹಾಯೆನಿಸಿತು. ಊಟ ಮಾಡಿದೆ. ನಿದ್ದೆಯೂ ಬಂತು.

26 ಜನವರಿ, ಸೋಮವಾರ

ಧ್ವಜಾರೋಹಣದ ನಂತರ ವೇದಿಕೆಗೆ ಕರೆದರು. ಶಾಲು, ಹಾರ, ಹಣ್ಣಿನ ಬುಟ್ಟಿ. ಬಸಲಿಂಗಯ್ಯ ಸರ್ ಮೈಕಿನಲ್ಲಿ, “ವಿದ್ಯಾರ್ಥಿನಿಯ ಕಣ್ಣಿನ ದೋಷವನ್ನು ಗುರುತಿಸಿ, ಸ್ವತಃ ಆಸ್ಪತ್ರೆಗೆ ಕರೆದೊಯ್ದು...” ಚಪ್ಪಾಳೆ. ಮುಂದಿನ ಸಾಲಿನಲ್ಲಿ ಅಬ್ದುಲಗನಿ ಕುಳಿತಿದ್ದ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಅವನೂ ಚಪ್ಪಾಳೆ ತಟ್ಟಿದ. ತೊಡೆಯ ಮೇಲೆ ನೂರೀನ. ಅವಳೂ ತಟ್ಟಿದಳು, ವೇದಿಕೆ ಎಲ್ಲಿದೆ ಅಂತ ಗೊತ್ತಿಲ್ಲದೆ ಬೇರೆ ಕಡೆ ಮುಖ ಮಾಡಿಕೊಂಡು.

ಕೆಳಗೆ ಇಳಿದು, ದಾದಿ ಬರಲಿಲ್ಲವೇ ಅಂತ ಕೇಳಿದೆ.

“ಶಿಗ್ಲಿಗೆ ಹೋಗ್ಯಾಳ್ರಿ, ನಮ್ಮ ಅಕ್ಕನ ಮನಿಗೆ. ಹತ್ತ ದಿನಾ ಆತು” ಅಂದ ಅಬ್ದುಲಗನಿ.

“ಅಬ್ಬಾನ ದಾದಿಗೆ ಹೋಗು ಅಂದಾರ್ರಿ ಟೀಚರ್” ಅಂದಳು ನೂರೀನ, ಅಪ್ಪನ ಕಡೆ ಕೈ ಮಾಡಿ.

ಹತ್ತು ದಿನದಿಂದ ಸಂಜೆ ಹೋಗುತ್ತಿದ್ದೇನೆ ಆ ಮನೆಗೆ. ಒಲೆಯ ಹತ್ತಿರ ಯಾರೂ ಇಲ್ಲ ಅಂತ ನೋಡಿದ್ದೆ. ಕೇಳಿರಲಿಲ್ಲ. ಕೇಳದೆ ಇದ್ದದ್ದು ಯಾಕೆ ಅಂತ ಗೊತ್ತು.

ಶಾಲು ಶಾಲೆಯ ಕಪಾಟಿನಲ್ಲೇ ಇಟ್ಟು ಬಂದೆ.

30 ಜನವರಿ, ಶುಕ್ರವಾರ. ಸಂಜೆ 7, ಲಕ್ಷ್ಮೇಶ್ವರ ಬಸ್‌ಸ್ಟ್ಯಾಂಡ್

ಗದಗಿನ ಎರಡು ಬಸ್ ಬಿಟ್ಟೆ. ಏಳಲು ಆಗುತ್ತಿಲ್ಲ.

ಅಬ್ದುಲಗನಿಗೆ ಹೇಳಿದೆ. ಪಾಠ ಮುಗಿದ ಮೇಲೆ, ನೂರೀನ ಒಳಗೆ ಹೋದಳು. ಅವನು ಗಾದಿಯ ಅಂಚು ಹೊಲಿಯುತ್ತಿದ್ದ. ತಪಾಸಣೆಯ ಹಿಂದಿನ ದಿನ ನಾನು ಏನು ಮಾಡಿದೆ ಅಂತ ಮೊದಲಿನಿಂದ ಹೇಳಿದೆ. ಡಾಕ್ಟರು ಕೇಳಿದಾಗ ಹೌದು ಅಂದದ್ದು ಸುಳ್ಳು ಅಂತಲೂ. ದಬ್ಬಣ ನಿಲ್ಲಲಿಲ್ಲ.

“ಗೊತ್ತೈತ್ರಿ ಟೀಚರ್.”

ನನಗೆ ಕೇಳಿಸಿದ್ದು ಸರಿಯೋ ತಪ್ಪೋ ಅನ್ನಿಸಿತು.

“ಹುಬ್ಬಳ್ಳಿಯಿಂದ ಬಂದ ಮೂರನೇ ದಿನಾನ ನೂರೀನ ಹೇಳಿದ್ಲು. ಆ ಅಕ್ಷರಾ ಎಲ್ಲಾ ಹೇಳಿ ತೋರಿಸಿದ್ಲು. ಟೀಚರ್ ಶಾಬಾಸ್ ಅಂದಿದ್ರು ಅಂದ್ಲು.”

“ಮತ್ತ ನನಗ ಯಾಕ ಕೇಳಲಿಲ್ಲ ನೀನು?”

ದಾರ ಮುಗಿಯಿತು. ಇನ್ನೊಂದು ಪೋಣಿಸಿದ.

“ಕೇಳಿದ್ರ ನೀವು ಬರೂದು ಬಿಡ್ತಿದ್ರಿ. ಇಷ್ಟ ದಿನದಾಗ ನಮ್ಮ ಮನಿಗೆ ಕಲಸಾಕ ಬಂದಾವ್ರು ನೀವೊಬ್ರ ಅದೀರಿ. ಮತ್ಯಾರ ಬರ್ತಾರ್ರಿ? ಆಕಿ ನೂಲಿನ ಅಕ್ಷರಾ ತಲಿದಿಂಬಿನ ಕೆಳಗಿಟ್ಕೊಂಡು ಮಲಗತಾಳ.” ತಲೆ ಎತ್ತಲಿಲ್ಲ. “ನಿಮ್ಮ ಮ್ಯಾಲ ಸಿಟ್ಟ ಮಾಡಾಕ ನನಗ ಬರಂಗಿಲ್ಲಲ್ರಿ. ಅದಕ್ಕ ಅಮ್ಮಾನ ಮ್ಯಾಲ ಮಾಡೀನಿ.”

ಇವನು ಇಪ್ಪತ್ತಾರರಂದು ನನಗೆ ಚಪ್ಪಾಳೆ ತಟ್ಟಿದ್ದ.

ಅಮ್ಮನನ್ನು ಕರೆದುಕೊಂಡು ಬಾ ಅಂದೆ. ಎರಡು ಸಲ ಹೋಗಿದ್ದನಂತೆ, ಬರಲಿಲ್ಲವಂತೆ. “ಹುಡುಗಿ ಮಾರಿ ನೋಡಾಕ ಆಗಂಗಿಲ್ಲ ಅಂತಾಳ್ರಿ. ನೀವ ಹೋಗಿ ಹೇಳ್ರಿ. ಎಲ್ಲಾ ತನ್ನಿಂದನ ಆಗೇತಿ ಅಂತ ಕುಂತಾಳ. ನಿಮ್ಮ ಮಾತಿಗೆ ಬಂದಾಳು.” ಹಾಗೆಂದು, ನಾನು ಚಪ್ಪಲಿ ಮೆಟ್ಟುವಾಗ, “ನಾಳೆ ಪಾಠಕ್ಕ ಬರ್ತೀರಲ್ರಿ?” ಅಂದ. ಹೆದರಿದ್ದ. ನನ್ನನ್ನು ಹಿಡಿದು ಬೈಯಬೇಕಾದವನು ನನಗೆ ಹೆದರಿದ್ದ.

ಬರ್ತೀನಿ ಅಂದೆ.

1 ಫೆಬ್ರವರಿ, ಭಾನುವಾರ. ಶಿಗ್ಲಿಯಿಂದ ಬಂದು

ನೂರೀನಳನ್ನೂ ಕರೆದುಕೊಂಡು ಹೋಗಿದ್ದೆ. ಅಬ್ದುಲಗನಿ ಬಸ್ಸು ಹತ್ತಿಸಿ ತಾನು ಉಳಿದ. ಶಮಶಾದಬಿ ಮಗಳ ಮನೆಯ ಹಿತ್ತಲಲ್ಲಿ ಕುಳಿತಿದ್ದಳು. ಅರ್ಧ ಆಗಿದ್ದಾಳೆ. ನೂರೀನ ಹೋಗಿ ಅವಳ ಮುಖ ಮುಟ್ಟಿ ನೋಡಿದಳು, ಮೂಗು, ಕಿವಿ, ಬಾಯಿ. ಮುದುಕಿ ಅವಳ ಬೆರಳು ಒಂದೊಂದಾಗಿ ಬಿಡಿಸಿ, ಅತ್ತೆಯ ಹತ್ತಿರ ಒಳಗೆ ಕಳಿಸಿದಳು.

ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಕೈ ಹಿಡಿದಳು. “ನೀವ ಒಬ್ರ ಬಂದ್ರಿ ಅಕ್ಕೋರ” ಅಂದಳು.

ಹೇಳಿದೆ. ನಿಮ್ಮೊಬ್ಬರ ತಪ್ಪಲ್ಲ, ಜುಲೈ ತಿಂಗಳಲ್ಲೇ ಗೊತ್ತಾಗಬೇಕಿತ್ತು, ಗೊತ್ತಾಗದ ಹಾಗೆ ಮಾಡಿದವಳು ನಾನು ಅಂದೆ. ಅಕ್ಷರ ಬಾರದ ಮಕ್ಕಳು ಅಂತ ಅವಮಾನ ಆಗಬಾರದು ಅಂತ ಮಾಡಿದೆ. ಅವಮಾನ ಮಕ್ಕಳಿಗಲ್ಲ, ನನಗೆ. ಅದನ್ನೂ ಹೇಳಿದೆ. ಕೈ ಹಿಡಿದುಕೊಂಡೇ ಕೇಳಿದಳು. ಮಧ್ಯೆ ಒಮ್ಮೆ ನಾನು ಅತ್ತೆ. ಅವಳೇ ಬೆನ್ನು ಸವರಿದಳು.

ಎಲ್ಲಾ ಮುಗಿದ ಮೇಲೆ ಒಂದೇ ಮಾತು ಕೇಳಿದಳು.

“ಆವತ್ತ ತಿಳಿದಿದ್ರ ಕೂಸಿನ ಕಣ್ಣು ಉಳೀತಿತ್ತೇನ್ರಿ?”

ಇಲ್ಲ ಅನ್ನಬಹುದಿತ್ತು. ಗೊತ್ತಿಲ್ಲ ಅನ್ನಬಹುದಿತ್ತು. ಡಾಕ್ಟರು ಹೇಳಿದ್ದು ಆ ದಿನದ ಗಾಬರಿಯಲ್ಲಿ ಅವಳ ಕಿವಿಗೆ ಬಿದ್ದಿರಲಿಲ್ಲ.

“ಉಳೀತಿತ್ರಿ. ಓದೂವಷ್ಟು ಉಳೀತಿತ್ತು” ಅಂದೆ.

ಶಮಶಾದಬಿ ನನ್ನ ಕೈ ಬಿಟ್ಟಳು.

ಎದ್ದು ಒಳಗೆ ಹೋದಳು. ನೂರೀನಳಿಗೆ ಏನೋ ಹೇಳುವುದು ಕೇಳಿಸಿತು, ಅವರ ಮನೆಮಾತಿನಲ್ಲಿ. ಟ್ರಂಕಿನ ಸಪ್ಪಳ. ಸೀರೆ ಮಡಚಿಕೊಂಡು ಗಂಟು ಕಟ್ಟಿ ಹೊರಗೆ ಬಂದಳು, ಒಂದು ಕೈಯಲ್ಲಿ ಗಂಟು, ಒಂದು ಕೈಯಲ್ಲಿ ಮೊಮ್ಮಗಳು. ನನ್ನನ್ನು ದಾಟಿಕೊಂಡು ನಡೆದರು. ನೂರೀನ “ಟೀಚರ್ ಬರ್ಲಿಲ್ಲಲ್ಲ ದಾದಿ” ಅಂತ ಹಿಂದೆ ತಿರುಗಿದಳು. ಮುದುಕಿ ನಿಲ್ಲಲಿಲ್ಲ.

ಒಂದೇ ಬಸ್ಸಿನಲ್ಲಿ ಬಂದೆವು. ಅವರು ಮುಂದೆ, ನಾನು ಹಿಂದೆ.

ನಾಳೆ ಸೋಮವಾರ. ಐದು ಗಂಟೆಗೆ ಪಾಠ. ಬರ್ತೀನಿ ಅಂದಿದ್ದೇನೆ ಅವನಿಗೆ. ಬಾಗಿಲು ತೆಗೆಯುವವಳು ಈಗ ಅವಳು. ಹೋಗಿ, ಹೊರಗೆ ನಿಂತು, ಏನೆಂದು ಕೂಗಲಿ? ನೂಲಿನ ಅಕ್ಷರದ ರಟ್ಟುಗಳನ್ನು ಚೀಲಕ್ಕೆ ಹಾಕಿಟ್ಟೆ.